ತೇತಾ ಲುದ್ಮಿಲಾಳ ಹೆಸರಿನ ಊಟ

ಲುದ್ಮಿಲಾ ಪೆರುಶೆಕ್‌ಳ ಮುತ್ತಜ್ಜ ಮತಿಯಾ ಸ್ಲೊವೇನಿಯಾದ ಬೆಟ್ಟದ ಸೀಮೆಯಲ್ಲಿ ಜರಡಿ ಹೆಣೆದು, ಬೆನ್ನ ಮೇಲೆ ಹೊತ್ತು ಊರೂರು ಮಾರುತ್ತಿದ್ದವನು. ಹಡಗು ಹತ್ತಿ ಅಮೆರಿಕಕ್ಕೆ ಬಂದು, ಸುಪೀರಿಯರ್ ಸರೋವರದ ಮೇಲ್ಗಡೆಯ ಕಬ್ಬಿಣದ ಸೀಮೆಯಲ್ಲಿ ಗಣಿಗಿಳಿದ. ಬಂದ ಹೊಸತರಲ್ಲಿ ಅವನಿಗೆ ಈ ನಾಡಿನ ಮಾತು ಎರಡೇ ಬರುತ್ತಿದ್ದವು: ಒಂದು ‘ಹೌದು’, ಇನ್ನೊಂದು ‘ಓಡು’. ಎರಡನೆಯದು ಸಿಡಿಮದ್ದಿಗೆ ಬತ್ತಿ ಹಚ್ಚಿದಾಗ ಬೇಕಾಗುತ್ತಿತ್ತು. ಅವನ ಹೆಂಡತಿ ಯೊಹಾನಾ ಹದಿನಾಲ್ಕು ಮಂದಿ ಗಣಿಯಾಳುಗಳಿಗೆ ಊಟ, ಹಾಸಿಗೆ ಕೊಟ್ಟು ಮನೆ ನಡೆಸಿದಳು. ಆಳು ಹದಿನಾಲ್ಕು, ಹಾಸಿಗೆ ಏಳು. ಹಗಲು ಪಾಳಿಯವರು ಎದ್ದ ಬಿಸಿಯಲ್ಲೇ ರಾತ್ರಿ ಪಾಳಿಯವರು ಬಂದು ಮಲಗುತ್ತಿದ್ದರು. ಮುಷ್ಕರದ ವರ್ಷ ಕಂಪನಿಯ ಕಾವಲಿನವರು ಬಂದೂಕು ಹಿಡಿದು ಮನೆ ಶೋಧಿಸಲು ಬಂದರು. ಯೊಹಾನಾ ಕುದಿಯುವ ಸಾರಿನ ಹಂಡೆಯನ್ನು ಹೊಸಿಲಿಗೆ ತಂದಿಟ್ಟು, ಸೌಟು ಎತ್ತಿ ಹಿಡಿದು, “ಮೊದ್ಲು ಯಾರು ಬರ್ತೀರಪ್ಪ ಒಳಗೆ?” ಎಂದು ಕೇಳಿದಳಂತೆ. ಯಾರೂ ಬರಲಿಲ್ಲ.

ಆ ಹದಿನಾಲ್ಕು ಮಂದಿಯೇ ಯೊಹಾನಾಳ ಊಟದ ಮೇಜಿನ ಸುತ್ತ ಕೂತು ಸಹಾಯ ಸಂಘ ಕಟ್ಟಿದರು. ತಿಂಗಳಿಗೊಂದು ನಾಣ್ಯ ಹಾಕಿದವನು ಹಾಸಿಗೆ ಹಿಡಿದರೆ ಸಂಘ ಅವನ ಮನೆ ನೋಡಿಕೊಳ್ಳಬೇಕು. ಮತಿಯಾನ ಮೊಮ್ಮಗ ಲೂಯಿ, ಅಂದರೆ ಲುದ್ಮಿಲಾಳ ಅಪ್ಪ, ಈ ಸಂಘದಲ್ಲಿ ರೋಗಿ ನೋಡುವ ಕೆಲಸ ಹೊತ್ತವನು. ಯಾರಾದರೂ ಕಾಯಿಲೆ ಎಂದು ಹೇಳಿ ಕಳಿಸಿದರೆ ಲೂಯಿ ಹೋಗಿ ಬಾಗಿಲು ತಟ್ಟಿ, ನಾಲಿಗೆ ನೋಡಿ, ಹಣೆ ಮುಟ್ಟಿ, ನಿಜವೋ ಸುಳ್ಳೋ ಎಂದು ಪುಸ್ತಕದಲ್ಲಿ ಬರೆಯಬೇಕು. ಇನ್ನೊಂದು ಕೈಯಲ್ಲಿ ಮಾತ್ರ ಯಾವಾಗಲೂ ಸೂಪಿನ ಡಬರಿ ಇರುತ್ತಿತ್ತು. ಇಪ್ಪತ್ತು ವರ್ಷದಲ್ಲಿ ಅವನು ‘ಸುಳ್ಳು’ ಎಂದು ಬರೆದದ್ದು ಒಂದೇ ಸಲ. ಸೊಂಟ ಹಿಡಿದಿದೆ ಎಂದಿದ್ದವನು ಸೂರಿನ ಮೇಲೆ ಕೂತು ಮೊಳೆ ಹೊಡೆಯುತ್ತಿದ್ದ. ಅವನಿಗೂ ಸೂಪು ಕೊಟ್ಟೇ ಬಂದ.

ಇಂಥ ಮನೆಯಲ್ಲಿ ಹುಟ್ಟಿ, ಅದೇ ಮನೆಯಲ್ಲಿ ಉಳಿದ ಲುದ್ಮಿಲಾ ಆಲ್ಡರ್ ಲೊಕೇಶನ್‌ನ ಶಾಲೆಯಲ್ಲಿ ಇಪ್ಪತ್ತಾರು ವರ್ಷ ಅಡುಗೆ ಮಾಡಿದಳು. ಗಣಿಯವರ ವಸಾಹತಿಗೆ ಆ ಕಡೆ ಲೊಕೇಶನ್ ಎಂದೇ ಹೆಸರು. ಗಣಿ ಮುಚ್ಚಿ ಗುಂಡಿಯಲ್ಲಿ ನೀರು ತುಂಬಿ ಕೆರೆಯಾದರೂ ಹೆಸರು ಹೋಗಲಿಲ್ಲ. ಊರಿನ ಮಕ್ಕಳೆಲ್ಲ ಅವಳ ಕೈಯಲ್ಲಿ ಉಂಡವರು. ಅವರಿಗೆಲ್ಲ ಅವಳು ತೇತಾ, ಅಂದರೆ ಚಿಕ್ಕಮ್ಮ. ಮದುವೆ ಮಾಡಿಕೊಳ್ಳಲಿಲ್ಲ. ಯಾರಾದರೂ ಕೇಳಿದರೆ, “ದಿನಾ ಮುನ್ನೂರು ಮಕ್ಳಿಗೆ ಉಣ್ಸಿ ಬರ್ತೀನಿ, ಇನ್ನು ಮನೇಲೂ ಒಬ್ನು ತಟ್ಟೆ ಹಿಡ್ಕೊಂಡು ಕೂತಿರ್ಬೇಕಾ?” ಎನ್ನುತ್ತಿದ್ದಳು.

ನಲವತ್ತೆಂಟಕ್ಕೆ ಕಾಲು ಮಾತು ಕೇಳುವುದನ್ನು ಬಿಟ್ಟವು. ನರದ ಕಾಯಿಲೆ. ಮೊದಲು ಕೋಲು ಬಂತು, ಆಮೇಲೆ ಗಾಲಿಕುರ್ಚಿ. ಐವತ್ತೈದರ ಹೊತ್ತಿಗೆ ಹಾಸಿಗೆಯಿಂದ ಏಳಬೇಕಾದರೂ ಇನ್ನೊಬ್ಬರ ಕೈ ಬೇಕಾಯಿತು. ಆ ಇನ್ನೊಬ್ಬರೇ ರೆನಿ ಅಹೋನೆನ್, ಮೂವತ್ತೈದರ ಫಿನ್ನಿಶ್ ಮನೆತನದ ಹೆಂಗಸು, ಮಾತು ಕಮ್ಮಿ, ತೋಳು ಗಟ್ಟಿ. ಬೆಳಿಗ್ಗೆ ಆರೂವರೆಗೆ ಬಂದು ಲುದ್ಮಿಲಾಳನ್ನು ಎಬ್ಬಿಸಿ, ಸ್ನಾನ ಮಾಡಿಸಿ, ಬಟ್ಟೆ ಹಾಕಿ, ಕಾಫಿ ಕೊಟ್ಟು, ಸಂಜೆ ಮತ್ತೆ ಬಂದು ಮಲಗಿಸಿ ಹೋಗುತ್ತಿದ್ದಳು. ಅವಳ ಸಂಬಳ ರಾಜ್ಯದ ವೈದ್ಯಕೀಯ ನೆರವಿನಿಂದ ಬರುತ್ತಿತ್ತು. “ನನ್ನ ಕಾಲು ರಾಜ್ಯದ್ದು. ಅದಕ್ಕೆ ರೆನಿ ಅಂತ ಹೆಸ್ರಿಟ್ಟಿದೀನಿ,” ಎಂದು ಲುದ್ಮಿಲಾ ಹೇಳಿದರೆ ರೆನಿ, “ನಿಮ್ ಕಾಲಿಗೆ ಇವತ್ತು ಬೇಗ ಮನೆಗ್ ಹೋಗ್ಬೇಕು, ಸುಮ್ನೆ ತೋಳೆತ್ತಿ,” ಎನ್ನುತ್ತಿದ್ದಳು.

ಆ ನೆರವಿಗೊಂದು ಕಟ್ಟಳೆ ಇತ್ತು. ಪಡೆಯುವವರ ಹೆಸರಿನಲ್ಲಿ ಮೂರು ಸಾವಿರ ಡಾಲರಿಗಿಂತ ಹೆಚ್ಚು ಇರಕೂಡದು. ವರ್ಷಕ್ಕೊಮ್ಮೆ ಹದಿನೆಂಟು ಪುಟದ ಅರ್ಜಿ ತುಂಬಿ ಅದನ್ನು ತೋರಿಸಬೇಕು. ಬೇರೆಯವರು ಆ ಅರ್ಜಿಯನ್ನು ಶಪಿಸುತ್ತ ತುಂಬಿದರೆ ಲುದ್ಮಿಲಾ ತಲೆ ಬಾಚಿಕೊಂಡು, ಕನ್ನಡಕ ಒರೆಸಿಕೊಂಡು ತುಂಬುವಳು. ಅವಳ ಕಣ್ಣಿಗೆ ಅದು ಅಪ್ಪನ ಪುಸ್ತಕವೇ. ಯಾರೋ ಬಂದು ಬಾಗಿಲು ತಟ್ಟಿ ನಾಲಿಗೆ ನೋಡುತ್ತಿದ್ದಾರೆ, ನೋಡಲಿ, ನಿಜ ಹೇಳೋಣ. ಗೊತ್ತಿಲ್ಲದ ಸಾವಿರಾರು ಜನ ತೆರಿಗೆ ಕಟ್ಟಿ ತನ್ನನ್ನು ಬೆಳಿಗ್ಗೆ ಎಬ್ಬಿಸುತ್ತಿದ್ದಾರಲ್ಲ ಎಂದು ನೆನೆದರೆ ಅವಳಿಗೆ ಹೊಟ್ಟೆ ತಣ್ಣಗಾಗುತ್ತಿತ್ತು.

ಕಷ್ಟದಲ್ಲಿದ್ದವರ ಹೆಸರಿನಲ್ಲಿ ಊಟ ಹಾಕುವುದು ಆ ಸೀಮೆಯ ರೂಢಿ. ಅಗ್ನಿಶಾಮಕ ದಳದ ಹಾಲ್‌ನಿಂದ ಗಾಡಿಗಳನ್ನು ಹೊರಗೆ ನಿಲ್ಲಿಸಿ, ಒಳಗೆ ಉದ್ದುದ್ದ ಮೇಜು ಹಾಕಿ, ಸ್ಪಗೆಟಿ ಬೇಯಿಸಿ ಬಡಿಸುತ್ತಾರೆ. ಉಂಡವರು ಬಾಗಿಲ ಬಳಿಯ ಹಳೇ ಹೆಲ್ಮೆಟ್ಟಿನಲ್ಲಿ ಕೈಲಾದಷ್ಟು ಹಾಕಿ ಹೋಗುತ್ತಾರೆ. ದಳದ ಮುಖ್ಯಸ್ಥ ಎಲ್ಮೊ ಫಾಬ್ರೊ ಎಂಬ ಇಟಾಲಿಯನ್ ಮನೆತನದವನು. ಎಲ್ಮೊ ದೊಡ್ಡ ದನಿ, ದೊಡ್ಡ ಹೊಟ್ಟೆ, ಅದಕ್ಕಿಂತ ದೊಡ್ಡ ಕೈ. ಅವನೂ ತೇತಾಳ ಅನ್ನದ ಋಣದವನೇ.

ಆ ವರ್ಷ ಅಕ್ಟೋಬರಿನಲ್ಲಿ ಎಲ್ಮೊ ಬಂದು, “ತೇತಾ, ಊಟಕ್ಕೆ ನಲವತ್ತು ಪೊತಿತ್ಸಾ ಬೇಕು. ನೀನು ಕೂತು ಹೇಳ್ಕೊಡು, ಹೆಂಗಸ್ರು ಮಾಡ್ತಾರೆ,” ಎಂದ. ಪೊತಿತ್ಸಾ ಎಂದರೆ ಅಕ್ರೋಟಿನ ಹೂರಣ ಸವರಿ ಸುತ್ತಿದ ರೊಟ್ಟಿ. ಮೇಜಿನ ಮೇಲೆ ಬಟ್ಟೆ ಹಾಸಿ, ಆರು ಮಂದಿ ಸುತ್ತ ನಿಂತು, ಕೆಳಗೆ ಪತ್ರಿಕೆಯಿಟ್ಟರೆ ಅಕ್ಷರ ಕಾಣುವಷ್ಟು ತೆಳ್ಳಗೆ ಕಣಕ ಎಳೆಯಬೇಕು. ಅವಸರ ಮಾಡಿದರೆ ಹರಿಯುತ್ತದೆ, ಅಂಜಿದರೆ ದಪ್ಪಗಾಗುತ್ತದೆ. ಲುದ್ಮಿಲಾಳನ್ನು ಮೀರಿಸುವವರು ಆ ಸೀಮೆಯಲ್ಲಿರಲಿಲ್ಲ.

“ಯಾರ ಹೆಸ್ರಲ್ಲೋ ಊಟ?”

“ಅದು... ಪಕ್ಕದ ಲೊಕೇಶನ್‌ನೋಳು, ತೇತಾ. ಪಾಪ, ಗಾಲಿಕುರ್ಚಿ. ಮನೆ ಮುಂದಿನ ಇಳಿಜಾರು ಹಲಗೆ ಕೊಳ್ತು ಹೋಗಿದೆ.”

“ಅಯ್ಯೋ, ನಂದೂ ಹಂಗೇ ಕೊಳ್ತಿದೆ ಕಣೋ. ಅವಳ ಪಾಡು ನಂಗೊತ್ತಾಗತ್ತೆ.” ಲುದ್ಮಿಲಾ ಚೀಲ ತೆಗೆದು ಐದು ಡಾಲರಿನ ನೋಟು ಅವನ ಕೈಗಿಟ್ಟಳು. “ಹೆಸ್ರು ಬರೀಬೇಡ, ಹಂಗೇ ಹಾಕು.”

ಎಲ್ಮೊ ಮುಖ ತಿರುಗಿಸಿ ಗಟ್ಟಿಯಾಗಿ ಕೆಮ್ಮಿದ.

ಎರಡು ದಿನ ಅವಳು ಕುರ್ಚಿಯಲ್ಲಿ ಕೂತು ಹೆಂಗಸರನ್ನು ಗದರಿಸುತ್ತ ಕಣಕ ಎಳೆಸಿದಳು. “ಎಳೀರೇ, ಅಲ್ಲಿ ಯಾಕೆ ದಪ್ಪ? ಆ ಬಡಪಾಯಿ ಹೆಸ್ರಲ್ಲಿ ಮಾಡ್ತಿರೋದು, ನಾಚ್ಕೆ ಆಗ್ಬಾರ್ದು ಅವ್ಳಿಗೆ!” ಹೆಂಗಸರು ತುಟಿ ಕಚ್ಚಿಕೊಂಡು ಎಳೆದರು. ಶನಿವಾರ ಸಂಜೆ ರೆನಿ ಅವಳನ್ನು ಹಾಲ್‌ಗೆ ತಳ್ಳಿಕೊಂಡು ಹೋದಾಗ ಗೋಡೆಯ ಮೇಲೆ ಅಂಗೈಯಗಲದ ಅಕ್ಷರದಲ್ಲಿ ಬರೆದಿತ್ತು: ‘ನಮ್ಮ ತೇತಾಗೆ’. ಆರುನೂರು ಜನ ಎದ್ದು ನಿಂತು ತಟ್ಟೆ ಬಡಿದರು. ಲುದ್ಮಿಲಾ ಆ ಗೋಡೆಯನ್ನು ಓದಿದಳು, ಮತ್ತೊಮ್ಮೆ ಓದಿದಳು. ಆಮೇಲೆ ಮಡಿಲಲ್ಲಿದ್ದ ಕರವಸ್ತ್ರ ಮುಖಕ್ಕೊತ್ತಿಕೊಂಡು, “ನನ್ನ ಐದು ಡಾಲರ್ ವಾಪಸ್ ಕೊಡೋ ಕಳ್ಳ,” ಎಂದಳು.

ತಪ್ಪಾದದ್ದು ಆಮೇಲೆ. ಸೋಮವಾರ ಎಲ್ಮೊ ಹೆಲ್ಮೆಟ್ಟಿನ ಹಣವನ್ನೆಲ್ಲ ನೇರವಾಗಿ ಅವಳ ಬ್ಯಾಂಕಿನ ಖಾತೆಗೆ ಕಟ್ಟಿಬಿಟ್ಟ. ಕಟ್ಟಳೆಯ ಮಿತಿಯ ಮೂರು ಪಟ್ಟು ಆಗಿತ್ತು ಅದು. ಗುಟ್ಟಾಗಿ ಮಾಡಬೇಕಿದ್ದುದರಿಂದ ಯಾರೂ ಯಾರನ್ನೂ ಕೇಳಿರಲಿಲ್ಲ. ಊರವರು ಹಲಗೆಗೆಂದು ಕೊಟ್ಟದ್ದು ತನ್ನ ಆಸ್ತಿಯಲ್ಲವೆಂದೇ ಲುದ್ಮಿಲಾ ತಿಳಿದಿದ್ದಳು. ಹಿಮ ಕರಗಿದ ಮೇಲೆ ಹಲಗೆ ಹಾಕಿಸಿದರಾಯಿತೆಂದು ಹಣ ಅಲ್ಲೇ ಕೂತಿತು. ಜನವರಿಯಲ್ಲಿ ಲುದ್ಮಿಲಾ ಎಂದಿನಂತೆ ತಲೆ ಬಾಚಿಕೊಂಡು, ಕನ್ನಡಕ ಒರೆಸಿಕೊಂಡು, ಖಾತೆಯಲ್ಲಿದ್ದುದನ್ನು ಇದ್ದ ಹಾಗೆ ಬರೆದು ಕಳಿಸಿದಳು.

ಉತ್ತರ ಹದಿನೈದು ದಿನಕ್ಕೆ ಬಂತು. ಆಸ್ತಿ ಮಿತಿ ಮೀರಿದೆ. ಫೆಬ್ರವರಿ ಕೊನೆಗೆ ನೆರವು ನಿಲ್ಲುತ್ತದೆ.

ರೆನಿ ಅದನ್ನು ಓದಿ ಹೇಳಿದಾಗ ಲುದ್ಮಿಲಾ ಕಾಗದ ಇಸಿದುಕೊಂಡು ತಾನೂ ಓದಿದಳು. ನೆರವು ನಿಂತರೆ ರೆನಿ ಬರುವಂತಿಲ್ಲ. ರೆನಿ ಬರದಿದ್ದರೆ ಬೆಳಿಗ್ಗೆ ಏಳುವಂತಿಲ್ಲ. ಬಂದ ಹಣ ಕೂಲಿ ಕೊಟ್ಟು ಎಬ್ಬಿಸಿಕೊಳ್ಳಲು ಎರಡು ತಿಂಗಳಿಗೂ ಸಾಲದು. ಆಮೇಲೆ ಯೊಹಾನಾ ಹಂಡೆ ಇಟ್ಟುಕೊಂಡು ನಿಂತಿದ್ದ ಆ ಹೊಸಿಲು ದಾಟಿ, ಎಪ್ಪತ್ತು ಮೈಲಿ ಆಚೆ ಸರೋವರದ ದಡದ ಊರಿನ ಆರೈಕೆ ಮನೆಗೆ ಹೋಗಬೇಕು. ಹೋದವರು ತಿರುಗಿ ಬಂದದ್ದನ್ನು ಅವಳು ಕಂಡಿರಲಿಲ್ಲ.

ಸುದ್ದಿ ಕೇಳಿ ಎಲ್ಮೊ ಓಡಿ ಬಂದ. ಅಷ್ಟು ದೊಡ್ಡ ಗಂಡಸು ಅಡುಗೆಮನೆಯ ಕುರ್ಚಿಯಲ್ಲಿ ಕುಸಿದು ಮಗುವಿನಂತೆ ಅತ್ತ.

“ನಿನ್ ಮನೆಗೆ ನಾನೇ ಬೆಂಕಿ ಹಚ್ದಂಗಾಯ್ತಲ್ಲ ತೇತಾ! ವಾಪಸ್ ಕೊಟ್ಬಿಡು ನಂಗೆ, ಎಲ್ರಿಗೂ ಹಂಚ್ಬಿಡ್ತೀನಿ.”

“ಬೆಂಕಿ ಆರ್ಸೋನು ಹಿಂಗ್ ಕಣ್ಣೀರ್ ಹಾಕಿದ್ರೆ ನೀರು ದಂಡ ಕಣೋ. ಕಾಫಿ ಕುಡಿ. ನಾಳೆ ಕೌಂಟಿ ಕಚೇರಿಗೆ ಹೋಗಿ ಕೇಳಣ.”

ಕೌಂಟಿ ಎಂದರೆ ಅಲ್ಲಿಯ ಜಿಲ್ಲೆ. ಅದರ ಕಚೇರಿಯ ಕಿಟಕಿಯ ಹಿಂದೆ ಇದ್ದವಳು ಮಾರ್ವೆಲ್ ಟೊಲೆಫ್ಸನ್. ಕೂದಲು ನೆರೆತ, ನಗದೆ ತಮಾಷೆ ಮಾಡುವ ಹೆಂಗಸು. ಹನ್ನೊಂದು ವರ್ಷದಿಂದ ಲುದ್ಮಿಲಾಳ ಅರ್ಜಿ ನೋಡುತ್ತಿದ್ದವಳು. ಕಾಗದ ತಿರುವಿ ಹಾಕಿ ನಿಟ್ಟುಸಿರು ಬಿಟ್ಟಳು.

“ಲುದ್ಮಿಲಾ ಅವ್ರೇ, ನಿಮ್ಮಷ್ಟು ನಿಜ ಬರೆಯೋರು ಇದ್ರೆ ನಮ್ಗೆ ತೊಂದ್ರೆ. ಹಣ ಇಟ್ಕೊಂಡ್ರೆ ಮಿತಿ ಮೀರತ್ತೆ. ವಾಪಸ್ ಕೊಟ್ರೆ, ಬೇಕಂತ ಆಸ್ತಿ ದಾಟಿಸಿದ್ರು ಅಂತ ಅದಕ್ಕೂ ದಂಡ. ಈ ತಿಂಗ್ಳಲ್ಲೇ ಖರ್ಚು ಮಾಡ್ಬಹುದು.”

“ಹಲಗೆ ಹಾಕ್ಸಣ,” ಎಂದ ಎಲ್ಮೊ.

“ಹೊರಗೆ ಸೊಂಟದವರೆಗೆ ಹಿಮ ಇದೆಯಪ್ಪ. ನೆಲ ಕಲ್ಲಾಗಿದೆ, ಕಂಬ ಎಲ್ಲಿ ನೆಡ್ತೀಯ? ಕಟ್ಟಳೆ ತಕ್ಷಣ ಒಪ್ಪೋದು ಒಂದಿದೆ. ಅಂತ್ಯಕ್ರಿಯೆಗೆ ಮುಂಗಡ ಕಟ್ಟೋದು. ಒಳ್ಳೇ ಓಕ್ ಮರದ ಪೆಟ್ಟಿಗೆ ಬರತ್ತೆ.”

ಲುದ್ಮಿಲಾ ಕುರ್ಚಿಯನ್ನು ಕಿಟಕಿಯ ಹತ್ತಿರಕ್ಕೆ ಸರಿಸಿಕೊಂಡಳು. “ಮಾರ್ವೆಲ್ ಅವ್ರೇ, ಊರೋರು ನಾನು ಬದುಕ್ಲಿ ಅಂತ ಕೊಟ್ಟಿದ್ದು. ಅದ್ರಲ್ಲಿ ಹೆಣದ ಪೆಟ್ಗೆ ತಗೊಂಡ್ರೆ, ಆ ಆರುನೂರು ಜನ ದಾರೀಲಿ ಸಿಕ್ದಾಗ ಯಾವ ಮುಖ ಇಟ್ಕೊಂಡು ಮಾತಾಡ್ಲಿ?”

ಮಾರ್ವೆಲ್ ಕನ್ನಡಕ ತೆಗೆದಿಟ್ಟಳು. ಕಿಟಕಿಯ ಕೆಳಗಿನಿಂದ ಒಂದು ಹಾಳೆ ಈಚೆ ತಳ್ಳಿದಳು. “ಹಾಗಾದ್ರೆ ಇದಕ್ಕೆ ಸಹಿ ಹಾಕಿ. ಮೇಲ್ಮನವಿ. ಕಾಗದದಲ್ಲಿರೋ ತಾರೀಖಿಗೆ ಮುಂಚೆ ಕೊಟ್ರೆ, ತೀರ್ಮಾನ ಆಗೋವರ್ಗೂ ನೆರವು ನಿಲ್ಲಲ್ಲ. ಇದು ಕಾಗದದ ಹಿಂಬದೀಲಿ ಸಣ್ಣಕ್ಷರದಲ್ಲಿದೆ, ಯಾರೂ ಓದಲ್ಲ. ಗೆಲ್ತೀರಿ ಅಂತ ಹೇಳಲ್ಲ ನಾನು. ಹೊತ್ತು ಸಿಗತ್ತೆ. ಆ ಹೊತ್ತಲ್ಲಿ ಕಟ್ಟಳೆ ಮಾಡೋರ ಹತ್ರ ಹೋಗಿ. ನಾನು ಕಟ್ಟಳೆ ಓದೋಳಷ್ಟೇ.”

ಲುದ್ಮಿಲಾ ಸಹಿ ಹಾಕಿದಳು. ಕಿಟಕಿಯ ಸಂದಿನಲ್ಲಿ ಕೈ ತೂರಿಸಿ ಮಾರ್ವೆಲ್‌ಳ ಬೆರಳುಗಳನ್ನು ಹಿಡಿದುಕೊಂಡಳು. ಹಿಂದೆ ನಿಂತಿದ್ದ ಸಾಲು ಗೊಣಗದೆ ಕಾದಿತು.

ಕಟ್ಟಳೆ ಮಾಡುವವನೂ ಅವಳ ಕೈಯಲ್ಲಿ ಉಂಡವನೇ. ಆ ಕ್ಷೇತ್ರದ ಶಾಸಕ ವಾರೆನ್ ಹಾರ್ಕೊನೆನ್ ಎಂಟು ವರ್ಷ ಅವಳ ಸಾಲಿನಲ್ಲಿ ತಟ್ಟೆ ಹಿಡಿದು ನಿಂತವನು. ಫೋನಿನಲ್ಲಿ ಎಲ್ಲ ಕೇಳಿದವನು, “ತೇತಾ, ನೀನು ಬಲವಂತವಾಗಿ ಬೀಟ್‌ರೂಟ್ ತಿನ್ಸಿದ್ದು ಇನ್ನೂ ಮರ್ತಿಲ್ಲ ನಾನು,” ಎಂದ.

“ಅದಕ್ಕೇ ಅಲ್ವೇನೋ ನಿನ್ ಕೆನ್ನೆ ಹಂಗೆ ಕೆಂಪಗಿರೋದು. ಈಗ ಏನ್ ಕೆಲ್ಸ ಮಾಡ್ತೀಯ ಹೇಳು.”

ಕೆಲಸ ಇಷ್ಟು. ಊರವರು ಒಟ್ಟಾಗಿ ಊಟ ಹಾಕಿ ಕೂಡಿಸಿದ ಹಣವನ್ನು, ಅದು ಕಾಯಿಲೆಯವರ ಮನೆ, ಓಡಾಟ, ಆರೈಕೆಗೆ ಮೀಸಲಾಗಿದ್ದರೆ, ಎರಡು ವರ್ಷ ಆಸ್ತಿಯ ಲೆಕ್ಕಕ್ಕೆ ಹಿಡಿಯಬಾರದು ಎಂದು ವಾರೆನ್ ಒಂದು ಪುಟ್ಟ ಮಸೂದೆ ಬರೆಸಿದ. ಹಿಂದಿನ ಬೇಸಿಗೆಯಿಂದೀಚೆಗಿನ ಊಟಗಳಿಗೂ ಅದು ಸಲ್ಲಬೇಕೆಂಬ ಸಾಲೊಂದನ್ನು ಕೊನೆಗೆ ಸೇರಿಸಿದ. ಆ ಸಾಲು ಯಾರಿಗೆಂದು ಆಲ್ಡರ್ ಲೊಕೇಶನ್‌ನ ನಾಯಿಗೂ ಗೊತ್ತಿತ್ತು. ಆದರೆ ಮೊದಲು ಶಾಸನಸಭೆಯ ಸಮಿತಿ ಒಪ್ಪಬೇಕು. ಒಪ್ಪದಿದ್ದರೆ ಮೇಲ್ಮನವಿಯ ಕಾಲ ಮುಗಿಯುವುದು, ಸರೋವರದ ದಡದ ಊರೇ ಗತಿ.

ಮಾರ್ಚಿನಲ್ಲಿ ಶಾಲೆಯ ಬಸ್ಸು ಮಾಡಿಕೊಂಡು ಮೂವತ್ತೆರಡು ಜನ ರಾಜಧಾನಿಗೆ ಹೊರಟರು. ಲುದ್ಮಿಲಾಳನ್ನು ಕುರ್ಚಿಯ ಸಮೇತ ನಾಲ್ವರು ಎತ್ತಿ ಬಸ್ಸಿಗೇರಿಸಿದರು. ಹನ್ನೆರಡು ಪೊತಿತ್ಸಾ ಹಿಂದಿನ ಸೀಟಿನಲ್ಲಿ ಕೂತು ಬಂದವು. ಸಮಿತಿಯ ಕೊಠಡಿಯಲ್ಲಿ ಮಾತಾಡಲು ಅವಳಿಗೆ ಎರಡು ನಿಮಿಷ ಕೊಟ್ಟರು. ಮೈಕು ಎತ್ತರದಲ್ಲಿತ್ತು. ರೆನಿ ಅದನ್ನು ಬಗ್ಗಿಸಿ ಹಿಡಿದು ಪಕ್ಕದಲ್ಲಿ ಮಂಡಿಯೂರಿದಳು.

“ನನ್ ಹೆಸ್ರು ಲುದ್ಮಿಲಾ ಪೆರುಶೆಕ್. ಹನ್ನೊಂದು ವರ್ಷದಿಂದ ನೀವೆಲ್ಲ ಸೇರಿ ನನ್ನನ್ನ ಎಬ್ಬಿಸ್ತಾ ಇದೀರಿ. ಮೊದ್ಲು ಅದಕ್ಕೆ ಥ್ಯಾಂಕ್ಸ್ ಹೇಳ್ಬೇಕು, ಇಷ್ಟು ವರ್ಷ ಹೇಳೋಕೆ ಜಾಗ ಸಿಕ್ಕಿರ್ಲಿಲ್ಲ. ನಮ್ಮೂರೋರೂ ನನ್ನನ್ನ ಪ್ರೀತಿಸ್ತಾರೆ. ಎರಡು ಪ್ರೀತಿನೂ ಒಟ್ಗೆ ಬಂದು ನಾನು ಹೊಸಿಲಿಂದ ಆಚೆ ಬೀಳೋ ಹಂಗಾಗಿದೆ. ನೀವು ಕೊಡೋದ್ನ ನಿಲ್ಸಿ ಅಂತ ಅವ್ರು ಊಟ ಹಾಕಿದ್ದಲ್ಲ. ನೀವು ಕೊಡದೇ ಇರೋದ್ನ ಕೊಡೋಣ ಅಂತ ಹಾಕಿದ್ದು. ನೀವು ರೆನಿನ ಕೊಟ್ರಿ. ಅವ್ರು ಹಲಗೆ ಕೊಟ್ರು. ಹಲಗೆ ಇಲ್ದಿದ್ರೆ ರೆನಿ ನನ್ನನ್ನ ಎಬ್ಬಿಸಿ ಎಲ್ಲಿಗೆ ಕರ್ಕೊಂಡು ಹೋಗ್ತಾಳೆ?”

ಕೊನೆಯ ಕುರ್ಚಿಯಲ್ಲಿ ಕೂತಿದ್ದ ಒಬ್ಬ ಸಣಕಲು ಸದಸ್ಯ ಕೈಯೆತ್ತಿದ. ಕೆಟ್ಟವನಲ್ಲ, ರಾಜ್ಯದ ದುಡ್ಡಿಗೆ ಜವಾಬು ಹೇಳಬೇಕಾದವನು. “ಅಮ್ಮಾ, ಹಣವಂತರು ಊಟದ ಹೆಸ್ರಲ್ಲಿ ಆಸ್ತಿ ಬಚ್ಚಿಟ್ರೆ?”

“ನಮ್ಮಪ್ಪ ಸಂಘದಲ್ಲಿ ರೋಗಿ ನೋಡ್ತಿದ್ದ ಸ್ವಾಮಿ. ಸುಳ್ಳು ಹೇಳೋರು ಇರ್ತಾರೆ, ಇಪ್ಪತ್ತು ವರ್ಷಕ್ಕೆ ಒಬ್ಬ ಸಿಕ್ದ. ನೋಡ್ಬೇಕು, ಬಾಗ್ಲು ತಟ್ಬೇಕು, ನಾಲ್ಗೆ ತೋರ್ಸು ಅನ್ಬೇಕು. ನಂಗೆ ಅದ್ರಲ್ಲಿ ಬೇಜಾರಿಲ್ಲ. ಆದ್ರೆ ಬಚ್ಚಿಡೋಕೆ ನಮ್ ಹಾಲ್ ಸರಿಯಾದ ಜಾಗ ಅಲ್ಲ. ಆರುನೂರು ಜನ ನೋಡ್ತಿರ್ತಾರೆ, ಎಲ್ಮೊ ಸಾಸು ನಿಮ್ ಟೈ ಮೇಲೆ ಬಿದ್ದೇ ಬೀಳತ್ತೆ. ಒಂದ್ಸಲ ಬಂದು ಉಂಡು ನೋಡಿ.”

ಕೊಠಡಿಯೆಲ್ಲ ನಕ್ಕಿತು. ಸಣಕಲು ಸದಸ್ಯ ನಗಲಿಲ್ಲ. ತನ್ನ ಟೈಯನ್ನೊಮ್ಮೆ ನೋಡಿಕೊಂಡು, ಹಣ ಖರ್ಚಾದ ರಸೀದಿಗಳನ್ನು ಕೌಂಟಿಗೆ ತೋರಿಸಬೇಕೆಂಬ ಸಾಲು ಸೇರಿಸಿದರೆ ತಾನು ಒಪ್ಪುವೆನೆಂದ. “ಸೇರ್ಸಿ ಸ್ವಾಮಿ, ರಸೀದಿ ಜೋಡ್ಸಿ ಅಂಟ್ಸಿ ಕೊಡ್ತೀನಿ,” ಎಂದಳು ಲುದ್ಮಿಲಾ. ಸಮಿತಿ ಒಪ್ಪಿತು. ಪೊತಿತ್ಸಾ ತಿನ್ನಿಸಿ ಓಟು ಕೇಳಿದರೆಂಬ ಮಾತು ಬರಬಾರದೆಂದು ವಾರೆನ್ ತಡೆದಿದ್ದರಿಂದ ಹನ್ನೆರಡೂ ರೊಟ್ಟಿಗಳು ತಿರುಗಿ ಬಸ್ಸು ಹತ್ತಿದವು. ದಾರಿಯಲ್ಲೇ ಮುಗಿದವು.

ಮೇ ತಿಂಗಳಲ್ಲಿ ಎರಡೂ ಸದನ ಒಪ್ಪಿ ಕಾನೂನಾಯಿತು. ಮಾರ್ವೆಲ್ ಕಾಗದ ಕಳಿಸಿದಳು: ನೆರವು ಮುಂದುವರಿಯುತ್ತದೆ. ಅಂಚಿನಲ್ಲಿ ಕೈಯಿಂದ ಬರೆದಿದ್ದಳು, ‘ಹಿಂಬದಿಯನ್ನೂ ಓದಿ’. ತಿರುವಿದರೆ ಒಂದು ನಗುವ ಮುಖ. ಲುದ್ಮಿಲಾ ಆ ಕಾಗದವನ್ನು ಅಪ್ಪನ ರೋಗಿ ಪುಸ್ತಕದೊಳಗೆ ಇಟ್ಟಳು. ನೆಲ ಮೆತ್ತಗಾದ ವಾರವೇ ಎಲ್ಮೊನ ತಂಡ ಬಂದು ಕಂಬ ನೆಟ್ಟು ಹೊಸ ಹಲಗೆ ಹಾಕಿತು. ಅವಳು ಕಿಟಕಿಯ ಬಳಿ ಕೂತು ಒಂದೊಂದು ಮೊಳೆಯ ಸದ್ದೂ ಕೇಳಿದಳು. ಎಪ್ಪತ್ತು ಮೈಲಿ ದೂರದ ಊರಿಗೆ ಹೋಗಬೇಕಿದ್ದವಳು ಅಂದು ಸಂಜೆ ತನ್ನದೇ ಅಂಗಳಕ್ಕಿಳಿದು, ಬಹಳ ಹೊತ್ತು, ಏನೂ ಮಾಡದೆ, ಬಿಸಿಲಲ್ಲಿದ್ದಳು.

ಮತ್ತೆ ಅಕ್ಟೋಬರ್ ಬಂತು. ಲುದ್ಮಿಲಾ ಅಂಚೆಡಬ್ಬಿಯಿಂದ ಕಾಗದ ತೆಗೆದುಕೊಂಡು ಹಲಗೆಯ ಬುಡದಲ್ಲಿದ್ದಾಗ ಎಲ್ಮೊನ ಗಾಡಿ ನಿಂತಿತು.

“ತೇತಾ, ನಿನ್ ಮನೆ ಕಾಯ್ಸೋ ಒಲೆ ಈಗೀಗ ಕೆಮ್ತಿದೆ. ಈಗಂತೂ ಕಾನೂನೇ ನಮ್ ಕಡೆ ಇದೆ. ಈ ವರ್ಷಾನೂ ನಿನ್ ಹೆಸ್ರಲ್ಲೇ ಊಟ ಅಂತ ತೀರ್ಮಾನ ಮಾಡಿದೀವಿ.” ಹಾಗೆನ್ನುತ್ತ ಕುರ್ಚಿಯ ಹಿಂದೆ ಬಂದು ಹಿಡಿಗೆ ಕೈ ಹಾಕಿದ.

“ತೀರ್ಮಾನ ಬದಲಾಯ್ಸು. ನಂಗೆ ಬೇಡ. ಹೋದ ವರ್ಷ ಕೊಟ್ಟಿದ್ದೇ ನನ್ ಹೊಟ್ಟೇಲಿ ಇನ್ನೂ ಬೆಚ್ಚಗಿದೆ ಕಣೋ, ಅದ್ರ ಮೇಲೆ ಇನ್ನೊಂದು ಸೌಟು ಹಾಕ್ಬೇಡ. ಒಲೆ ಕೆಮ್ಲಿ, ನಾನೂ ಕೆಮ್ತೀನಿ, ಇಬ್ರೂ ಜತೇಲಿರ್ತೀವಿ. ನಮ್ ರೆನಿ ಮೊಣಕಾಲು ನೋಡಿದೀಯಾ? ನನ್ನನ್ನ ಎತ್ತಿ ಎತ್ತಿ ಸವೆದಿದೆ. ಕತ್ರಿ ಹಾಕ್ಬೇಕಂತೆ, ಆರು ವಾರ ಮಲಗ್ಬೇಕಂತೆ, ಸಂಬಳ ಇಲ್ಲ. ಊಟ ಅವ್ಳ ಹೆಸ್ರಲ್ಲಿ. ಹೇಳ್ಬೇಡ ಅವ್ಳಿಗೆ. ಪಕ್ಕದ ಲೊಕೇಶನ್‌ನೋಳು ಯಾರೋ ಅನ್ನು, ಕಣಕ ಎಳೆಯೋಕೆ ಅವ್ಳನ್ನೇ ನಿಲ್ಸಣ. ದುಡ್ಡು ಎಲ್ಲಿ ಹಾಕ್ಬೇಕು ಅಂತ ಈ ಸಲ ಮೊದ್ಲು ಮಾರ್ವೆಲ್‌ನ ಕೇಳು. ನಂಗೆ ಅಕ್ರೋಟು ತಂದ್ಕೊಡು, ಸಾಕು. ಮತ್ತೆ ಆ ಕೈ ತೆಗಿ ಕುರ್ಚಿಯಿಂದ. ಈ ಹಲಗೆ ಹತ್ತೋದು ನಂಗೆ ಬರತ್ತೆ.”